ಸೀಟ್ ಕವರ್ ಮಿಷನ್ನಲ್ಲಿ ಚರ್ಮದ ಬ್ಯಾಗ್ ಹೊಲಿಯಲು ಹೋಗಿ ಸಿಕ್ಕಿಬಿದ್ದಿದ್ದೇನೆ. ಯಾವ ಮಿಷನ್ ತಗೊಳ್ಳಲಿ?

ಸೀಟ್‌ಕವರ್ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹಳೇ ಪಿ.ಬಿ. ರಸ್ತೆಯ ಬದಿಗೆ ನನ್ನದೊಂದು ಸೀಟ್ ಕವರ್ ಅಂಗಡಿ ಇದೆ. ಬೈಕು, ಆಟೊ, ಟ್ರ್ಯಾಕ್ಟರ್ ಸೀಟು, ಒಮ್ಮೊಮ್ಮೆ ಮಂಡಕ್ಕಿ ಭಟ್ಟಿಯವರ ಗೂಡ್ಸ್ ಗಾಡಿಗೆ ಟಾರ್ಪಾಲು. ಹದಿನಾಲ್ಕು ವರ್ಷ ರೆಕ್ಸಿನ್ ಹೊಲಿದು ಕೈ ಪಳಗಿದೆ. ಚರ್ಮ ಮಾತ್ರ ಹೊಸದು.

ಆಗಿದ್ದು ಇಷ್ಟು. ಬೈಕ್ ಸೀಟು ಮಾಡಿಸಲು ಬಂದ ವಕೀಲರೊಬ್ಬರು ನಾನು ನನಗೇ ಅಂತ ರೆಕ್ಸಿನ್ನಲ್ಲಿ ಹೊಲಿದುಕೊಂಡಿದ್ದ ಫೈಲ್ ಬ್ಯಾಗ್ ನೋಡಿದರು. "ಇದನ್ನೇ ಚರ್ಮದಲ್ಲಿ ಮಾಡ್ತೀಯೇನಪ್ಪ? ನನಗೊಂದು, ನಮ್ಮ ಗೆಳೆಯರಿಗೆ ಹನ್ನೊಂದು" ಅಂದರು. ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟೆ. ಮುಂಗಡವನ್ನೂ ಇಸ್ಕೊಂಡೆ.

ಚರ್ಮ ರಾಣಿಪೇಟೆಯಿಂದ ತರಿಸಿದ್ದು, ಕಂದು ಬಣ್ಣ, 2 ಮಿ.ಮೀ. ದಪ್ಪ. ಬದಿಯಲ್ಲಿ ಎರಡು ಪದರ ಸೇರಿ 4. ತಳದ ಮೂಲೆಯಲ್ಲಿ ಮೂರು ಪದರ, 6. ಹೆಗಲ ಪಟ್ಟಿ ಕೂರುವ ಜಾಗದಲ್ಲಿ ಮಡಿಕೆ ಎಲ್ಲ ಸೇರಿ 8 ಮಿ.ಮೀ. ಅಂದಾಜಲ್ಲ, ವರ್ನಿಯರ್ ಹಿಡಿದು ಅಳೆದಿದ್ದೇನೆ.

ನನ್ನ ಮಿಷನ್ ಒಂದು ಗಾರ್ಮೆಂಟ್ಸ್ ಮುಚ್ಚಿದಾಗ ತಗೊಂಡ ಸೆಕೆಂಡ್ ಹ್ಯಾಂಡ್. ಒಂಟಿ ಸೂಜಿ. ಕೆಳಗಿನ ಹಲ್ಲು ಮಾತ್ರ ಬಟ್ಟೆ ತಳ್ಳುವ ಮಾದರಿ. ಕ್ಲಚ್ ಮೋಟರ್. ಸೂಜಿ ಡಿಬಿ×1 ಅನ್ನುವ ಜಾತಿ, ನಂಬರು 18. ದಾರ ಬಾಂಡೆಡ್ ನೈಲಾನ್, ನಂಬರು 20. ವಕೀಲರಿಗೆ ಹೊಲಿಗೆ ದಪ್ಪಗೆ ಎದ್ದು ಕಾಣಬೇಕಂತೆ.

ಮೊದಲ ಬ್ಯಾಗಿನ ಕಥೆ ಕೇಳಿ. ತೆಳು ಜಾಗದಲ್ಲಿ ಹೇಗೋ ಹೋಯಿತು. ಮೂಲೆಗೆ ಬಂದ ತಕ್ಷಣ ಹೊಲಿಗೆ ಹಾರಲು ಶುರು. ಮೂರು ಹೊಲಿಗೆ ಬಿದ್ದರೆ ಎರಡು ಇಲ್ಲ. ಆಮೇಲೆ ದಾರ ಸೂಜಿ ಕಣ್ಣಿನ ಹತ್ತಿರವೇ ಪಿಸಿದು, ಎಳೆ ಎಳೆ ಬಿಚ್ಚಿಕೊಂಡು, ದೀಪದ ಬತ್ತಿಯ ಹಾಗೆ ಆಗಿ ಕಟ್. ಇನ್ನೊಂದು ತಮಾಷೆ, ಹದಿನಾಲ್ಕು ಇಂಚಿನ ಬದಿ ಹೊಲಿದು ಮುಗಿಸಿದಾಗ ಮೇಲಿನ ಪದರ ಅರ್ಧ ಬೆರಳು ಉದ್ದ ಉಳಿದಿತ್ತು. ಶುರುವಲ್ಲಿ ಎರಡೂ ಅಂಚು ಸಮ ಇಟ್ಟೇ ಹೊರಟಿದ್ದೆ! ಅದರ ಮೇಲೆ ಕ್ಲಚ್ ಮೋಟರ್. ಕಾಲು ಇಟ್ಟರೆ ಹಾರುತ್ತೆ, ತೆಗೆದರೆ ನಿಲ್ಲುತ್ತೆ, ನಡುವೆ ಇನ್ನೇನೂ ಇಲ್ಲ. ಮೂಲೆಯಲ್ಲಿ ನಿಲ್ಲಿಸಬೇಕು ಅಂದುಕೊಂಡಾಗಲೇ ನಾಲ್ಕು ಹೊಲಿಗೆ ಅಂಚಿನಾಚೆ.

ರೆಕ್ಸಿನ್ ಸೀಟಾದರೆ ಬಿಚ್ಚಿ, ಒಂದು ನೂಲು ಒಳಗೆ ಸರಿಸಿ ಮತ್ತೆ ಹೊಲಿದು, ಬೀಡಿಂಗಿನ ಕೆಳಗೆ ಮುಚ್ಚಿಬಿಡುತ್ತೇನೆ. ಚರ್ಮದಲ್ಲಿ ಬಿದ್ದ ತೂತು ಬಿದ್ದದ್ದೇ. ಬಿಚ್ಚಿದ ಮೇಲೆ ಆ ಬದಿ ಪೋಸ್ಟ್ ಸ್ಟ್ಯಾಂಪಿನ ಅಂಚಿನ ಹಾಗೆ ಕಾಣುತ್ತಿತ್ತು. ಮಗಳು ಅದನ್ನು ಎಳೆದು ನೋಡಿದಳು, ಅಲ್ಲೇ ಹರಿಯಿತು.

ಮಿಷನ್ ಅಂಗಡಿಗೆ ಹೋದರೆ ಅವರು 441 ಮಾದರಿಯ ದೊಡ್ಡ ಮಿಷನ್ ತೋರಿಸಿ "ಏನ್ ಕೊಟ್ರೂ ಹೊಲಿಯುತ್ತೆ, ಕಣ್ಣು ಮುಚ್ಚಿ ತಗೊಳ್ಳಿ" ಅಂದರು. ನಮ್ಮ ಷಡ್ಡಕ "ಚಪ್ಪಲಿ ರಿಪೇರಿಯ ಕೈ ಮಿಷನ್ ಸಾಕು, ಸುಮ್ನೆ ದುಡ್ಡು ಹಾಳು ಮಾಡಬೇಡ" ಅನ್ನುತ್ತಾನೆ. ನನ್ನ ಕೈಯಲ್ಲಿರುವುದು ಅರವತ್ತು ಸಾವಿರ. ಇದ್ದದ್ದನ್ನೇ ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ? ತಗೊಂಡರೆ ಯಾವುದು? ಹನ್ನೊಂದು ಬ್ಯಾಗಿಗೆ ಚರ್ಮ ಕತ್ತರಿಸಿಟ್ಟು ಕೂತಿದ್ದೇನೆ.

ದುರ್ಗದ ಬಾರುಕೋಲು:

ಅಣ್ಣ, ನಾನು ಚಿತ್ರದುರ್ಗದವನು. ಆಂಬೂರಿನ ಶೂ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಹೊಲಿಗೆ ಲೈನಿನಲ್ಲಿದ್ದೆ. ಈಗ ಊರಲ್ಲೇ ಬೆಲ್ಟು, ಪರ್ಸು, ಹೋರಿಗಳ ಕೊರಳ ಗಂಟೆ ಪಟ್ಟಿ ಮಾಡುತ್ತೇನೆ. ನಿಮ್ಮ ಮಿಷನ್ನಿಗೆ ಇರುವುದು ಒಂದೇ ಕಾಯಿಲೆ ಅಲ್ಲ. ಎರಡು ಒಟ್ಟಿಗೆ ಬಂದಿವೆ.

ಮೊದಲನೆಯದು ಒಂದು ಪೊಟ್ಟಣ ಸೂಜಿಯಲ್ಲಿ ವಾಸಿಯಾಗುತ್ತದೆ. ಸೂಜಿ 18, ದಾರ 20, ಹೆಚ್ಚು ಕಡಿಮೆ ಜೋಡಿ ಅಂದುಕೊಂಡಿದ್ದೀರಿ ಅಲ್ವಾ? ಎಲ್ಲರೂ ಅಲ್ಲೇ ಬೀಳುತ್ತಾರೆ. ಸೂಜಿಯಲ್ಲಿ ನಂಬರು ಏರಿದರೆ ದಪ್ಪ. ದಾರದಲ್ಲಿ ನಂಬರು ಇಳಿದರೆ ದಪ್ಪ. 20ರ ದಾರಕ್ಕೆ 22 ಅಥವಾ 23ರ ಸೂಜಿ ಬೇಕು. 18ರ ಸೂಜಿಗೆ ಸರಿಹೋಗುವುದು 40ರ ದಾರ. ನೀವು ಕಿರಿದಾದ ಕಣ್ಣಿನಲ್ಲಿ ಹಗ್ಗ ಎಳೆಸುತ್ತಿದ್ದೀರಿ. ಒಂದೊಂದು ಹೊಲಿಗೆಗೂ ಅದೇ ದಾರ ಆ ಕಣ್ಣಿನಲ್ಲಿ ಎಷ್ಟೋ ಸಲ ಮೇಲೆ ಕೆಳಗೆ ಉಜ್ಜುತ್ತದೆ. ಬತ್ತಿ ಆಗದೆ ಇನ್ನೇನಾದೀತು? ಪರೀಕ್ಷೆ ಸುಲಭ. ಮೊಳದುದ್ದ ದಾರಕ್ಕೆ ಬಿಡಿ ಸೂಜಿ ಪೋಣಿಸಿ ಎರಡೂ ತುದಿ ಬಿಗಿಯಾಗಿ ಹಿಡಿದು ಓರೆ ಮಾಡಿ. ಸೂಜಿ ತನ್ನ ಭಾರಕ್ಕೆ ತಾನೇ ಜಾರಿ ಇಳಿಯಬೇಕು. ನಿಂತರೆ ಕಣ್ಣು ಚಿಕ್ಕದು.

ಹಾಗಂತ ಈಗಲೇ 22ರ ಸೂಜಿ ಹಾಕಬೇಡಿ. ನಿಮ್ಮ ಮಿಷನ್ನಿನ ಪ್ಲೇಟಿನ ತೂತು, ಹಲ್ಲಿನ ತೂತು ಸಣ್ಣ ಸೂಜಿಗೆ ಮಾಡಿದ್ದು. ಸದ್ಯಕ್ಕೆ 40ರ ದಾರಕ್ಕೆ ಇಳಿಯಿರಿ. ಸೂಜಿ 18ರದ್ದೇ ಇರಲಿ, ಆದರೆ ಎಲ್‌ಆರ್ ಮೊನೆ ಅಂತ ಕೇಳಿ ತನ್ನಿ. ಬಟ್ಟೆ ಸೂಜಿಯ ಮೊನೆ ಗುಂಡಗೆ, ನೂಲನ್ನು ಸರಿಸಿ ಇಳಿಯುತ್ತದೆ. ಚರ್ಮದಲ್ಲಿ ಸರಿಸಲು ನೂಲೆಲ್ಲಿದೆ? ಎಲ್‌ಆರ್ ಮೊನೆ ಓರೆಯಾಗಿ ಸಣ್ಣ ಸೀಳು ಕೊಯ್ದು ಇಳಿಯುತ್ತದೆ. ಹೊಲಿಗೆಯೂ ಸ್ವಲ್ಪ ಓರೆಯಾಗಿ ಅಂದವಾಗಿ ಕೂರುತ್ತದೆ. ಅದೇ ಸೂಜಿಯಲ್ಲಿ ಸೀಟ್ ಕವರ್ ಮಾತ್ರ ಹೊಲಿಯಬೇಡಿ, ರೆಕ್ಸಿನ್ ಹಿಂದಿನ ಬಟ್ಟೆಯ ನೂಲು ಕತ್ತರಿಸಿ ಹೋಗುತ್ತದೆ.

ಎರಡನೇ ಕಾಯಿಲೆ ಮೇಲಿನ ಪದರ ಹಿಂದೆ ಉಳಿಯುವುದು. ಇದಕ್ಕೆ ಔಷಧಿ ಇಲ್ಲ, ಮಿಷನ್ ಮಾದರಿಯೇ ಹಾಗೆ. ಎರಡು ಜಮಖಾನ ಒಂದರ ಮೇಲೊಂದು ಹಾಸಿ, ಮೇಲಿನದರ ಮೇಲೆ ಕಾಲಿಟ್ಟು, ಕೆಳಗಿನದನ್ನು ಎಳೆಯಿರಿ. ನಿಮ್ಮ ಮಿಷನ್ ಮಾಡುತ್ತಿರುವುದು ಅದನ್ನೇ. ಕೆಳಗೆ ಹಲ್ಲು ಎಳೆಯುತ್ತದೆ, ಮೇಲೆ ಪಾದ ಒತ್ತಿ ತಡೆಯುತ್ತದೆ. ತೆಳು ಬಟ್ಟೆಗೆ ಇದು ಗೊತ್ತೇ ಆಗುವುದಿಲ್ಲ. ಚರ್ಮ ಪಾದಕ್ಕೆ ಅಂಟಿದ ಹಾಗೆ ಹಿಡಿಯುತ್ತದೆ.

ನಿಮಗೆ ಬೇಕಾದದ್ದು ಕಾಂಪೌಂಡ್ ಫೀಡ್. ವಾಕಿಂಗ್ ಫೂಟ್ ಅಂತಲೂ ಅನ್ನುತ್ತಾರೆ. ಇದರಲ್ಲಿ ಹಲ್ಲು, ಒಳಗಿನ ಪಾದ, ಸೂಜಿ ಮೂರೂ ಒಟ್ಟಿಗೆ ಹೆಜ್ಜೆ ಇಡುತ್ತವೆ. ಸೂಜಿ ಚರ್ಮದಲ್ಲಿ ಚುಚ್ಚಿಕೊಂಡೇ ಹಿಂದಕ್ಕೆ ಸಾಗುತ್ತದೆ. ಮೊಳೆ ಹೊಡೆದು ಸಾಗಿಸಿದ ಹಾಗೆ, ಪದರ ಜಾರಲು ಜಾಗವೇ ಇಲ್ಲ. ಜೂಕಿ ಡಿಎನ್‌ಯು-1541 ಈ ಜಾತಿಯದು. ಹೊಲಿಗೆ 9 ಮಿ.ಮೀ. ತನಕ ಉದ್ದ ಮಾಡಬಹುದು, ಮಂಡಿ ಲಿವರಿನಿಂದ ಪಾದ 16 ಮಿ.ಮೀ. ಏಳುತ್ತದೆ. ಹೊಸದು ನಿಮ್ಮ ದುಡ್ಡಿಗೆ ಬರುವುದಿಲ್ಲ. ಅದೇ ಮಾದರಿಯ ಚೀನಾ ಮಿಷನ್ನೋ, ಒಳ್ಳೆ ಸೆಕೆಂಡ್ ಹ್ಯಾಂಡೋ ನೋಡಿ. ಸೂಜಿ ಬೇರೆ ಜಾತಿ, 135×16 ಚರ್ಮಕ್ಕೆ, 135×17 ಬಟ್ಟೆ-ರೆಕ್ಸಿನ್‌ಗೆ. ನಿಮ್ಮ ಹಳೇ ಡಿಬಿ×1 ಸೂಜಿ ಅದಕ್ಕೆ ಆಗುವುದಿಲ್ಲ.

ಒಂದು ಎಚ್ಚರಿಕೆ. ಕೆಲವರು ಪಾದ ಮತ್ತು ಹಲ್ಲು ಮಾತ್ರ ನಡೆಯುವ ಮಿಷನ್ನನ್ನೂ ಕಾಂಪೌಂಡ್ ಅಂತ ಮಾರುತ್ತಾರೆ. ಚಕ್ರ ಕೈಯಲ್ಲಿ ನಿಧಾನ ತಿರುಗಿಸಿ. ಸೂಜಿ ಕೆಳಗಿದ್ದಾಗ ಚರ್ಮದ ಜೊತೆ ಹಿಂದಕ್ಕೆ ಹೋಗಬೇಕು. ನೆಟ್ಟಗೆ ಏರಿ ಇಳಿದರೆ ಅದಲ್ಲ.

441 ಬೇಡ. ಅದು ಕುದುರೆ ಜೀನು ಹೊಲಿಯುವವರ ಮಿಷನ್. ದಪ್ಪ ಸೂಜಿ, ದಪ್ಪ ದಾರಕ್ಕೇ ಮಾಡಿದ್ದು. ನಿಮ್ಮ 4 ಮಿ.ಮೀ. ಬದಿಯಲ್ಲಿ ಮೇಲಿನ ದಾರ ಕೆಳಗಿನ ದಾರ ಸೇರುವ ಗಂಟು ಅಡಗುವುದು ಕಷ್ಟ, ಒಂದು ಕಡೆ ಎದ್ದು ನಿಲ್ಲುತ್ತದೆ. ಚಪ್ಪಲಿ ರಿಪೇರಿ ಮಿಷನ್ ತನ್ನ ಕೆಲಸಕ್ಕೆ ರಾಜ. ಪಾದ ಸುತ್ತಲೂ ತಿರುಗುತ್ತದೆ, ಹರಿದ ಶೂ ಒಳಗೆ ಅದರ ಮೂತಿ ಹೋಗುವ ಹಾಗೆ ಬೇರಾವುದೂ ಹೋಗುವುದಿಲ್ಲ. ಆದರೆ ಪುಟ್ಟ ಬಾಬಿನ್, ಹೊಲಿಗೆ ಒಂದೇ ಸಮ ಬರುವುದಿಲ್ಲ. ಹನ್ನೆರಡು ಬ್ಯಾಗಿನ ನೇರ ಹೊಲಿಗೆ ಅದರಲ್ಲಿ ಅಂದರೆ ನಿಮ್ಮ ಷಡ್ಡಕರನ್ನೇ ಕೂರಿಸಿ.

ಬ್ಯಾಗಮ್ಮ:

ಇಬ್ಬರೂ ಮಿಷನ್ ಮಿಷನ್ ಅನ್ನುತ್ತಿದ್ದೀರಿ. ಆ 8 ಮಿ.ಮೀ. ಅಲ್ಲಿ ಯಾಕಿದೆ ಅಂತ ಯಾರೂ ಕೇಳಲಿಲ್ಲವಲ್ಲ!

ಅಣ್ಣ, ನಾನೂ ದಾವಣಗೆರೆಯವಳೇ, ಹೆಂಗಸರ ಬ್ಯಾಗ್ ಮಾಡುತ್ತೇನೆ. ಮಡಚುವ ಅಂಚನ್ನು ಒಳಬದಿಯಿಂದ ಕೆತ್ತಿ ತೆಳು ಮಾಡಬೇಕು. ಪಟ್ಟಿ ಕೂರುವ ಜಾಗದಲ್ಲಿ ಒಂದೊಂದು ಪದರವನ್ನೂ 1 ಮಿ.ಮೀ.ಗೆ ಇಳಿಸಿ. ನಾಲ್ಕು ಪದರ ಸೇರಿದರೂ 4 ಆಯಿತು. ಆಗ ಬ್ಯಾಗಿನ ಸುತ್ತ ಎಲ್ಲಾ ಕಡೆ ಹೆಚ್ಚು ಕಡಿಮೆ ಒಂದೇ ದಪ್ಪ, ಮಿಷನ್ನಿಗೆ ಗುಡ್ಡ ಹತ್ತುವ ಕೆಲಸವೇ ಇಲ್ಲ. ನಮ್ಮ ಮೆಟ್ಟು ಹೊಲಿಯುವ ಹಿರಿಯರು ರಂಪಿಗೆ (ಚರ್ಮ ಕೆತ್ತುವ ಉಳಿ) ಹಿಡಿದು ಇದನ್ನೇ ಮಾಡುತ್ತಿದ್ದರು. ನಾನು ಕಲಿತದ್ದೂ ಹಾಗೆ ಒಬ್ಬ ಅಜ್ಜನ ಹತ್ತಿರ. ಕಲ್ಲಿನ ಚಪ್ಪಡಿ ಮೇಲೆ ಚರ್ಮ ಇಟ್ಟು, ರಂಪಿಗೆ ಮಲಗಿಸಿ, ಈರುಳ್ಳಿ ಸಿಪ್ಪೆಯ ಹಾಗೆ ಎತ್ತುತ್ತಿದ್ದರು. ನಾನು ಮೊದಲ ವಾರ ತೂತು ಮಾಡಿದ್ದೇ ಹೆಚ್ಚು. ತುಂಡು ಚರ್ಮದ ಮೇಲೆ ಕೈ ಕೂರಿಸಿಕೊಂಡು ಆಮೇಲೆ ಬ್ಯಾಗಿಗೆ ಕೈ ಹಾಕಿ.

ಆಮೇಲೆ ಸೊಲ್ಯೂಷನ್, ಅಂದರೆ ಅಂಟು. ಎರಡೂ ಬದಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಿ, ಸುತ್ತಿಗೆಯಲ್ಲಿ ತಟ್ಟಿ. ಹಸಿ ಇದ್ದಾಗಲೇ ಹೊಲಿದರೆ ಸೂಜಿಗೆ ಮೆತ್ತಿಕೊಂಡು ಹೊಲಿಗೆ ಹಾರುತ್ತದೆ. ಅಂಟಿಸಿದರೆ ಪದರ ಜಾರುವುದೂ ಕಡಿಮೆ. ಹೊಲಿಗೆ ಉದ್ದ 4 ಮಿ.ಮೀ. ಇಡಿ. ಸಣ್ಣ ಸಣ್ಣ ಹೊಲಿಗೆ ಗಟ್ಟಿ ಅನ್ನುವುದು ಬಟ್ಟೆಯ ಲೆಕ್ಕ. ಚರ್ಮದಲ್ಲಿ ಅದು ಹರಿಯಲು ಗೆರೆ ಹಾಕಿಕೊಟ್ಟ ಹಾಗೆ. ನಿಮ್ಮ ಮಗಳು ಎಳೆದು ತೋರಿಸಿದಳಲ್ಲ, ಅದೇ.

ಸೀಟ್‌ಕವರ್ ದಾವಣಗೆರೆ:

ಅಕ್ಕ, ದುರ್ಗದ ತಮ್ಮ, ಇಬ್ಬರಿಗೂ ಥ್ಯಾಂಕ್ಸ್. ಒಂದು ವಾರ ಇದನ್ನೇ ಮಾಡಿದೆ.

40ರ ದಾರ, ಎಲ್‌ಆರ್ ಸೂಜಿ ಹಾಕಿದೆ. ದಾರ ಪಿಸಿಯುವುದು ಅವತ್ತೇ ನಿಂತಿತು. ಹಳೇ ಜೋಡಿಯನ್ನು ಓರೆ ಹಿಡಿದು ನೋಡಿದರೆ ಸೂಜಿ ಜಾರುವುದಿರಲಿ, ತಳ್ಳಿದರೂ ಹೋಗಲಿಲ್ಲ. ನಾಚಿಕೆಯಾಯಿತು. ಅಂಚು ಕೆತ್ತುವುದು ಇನ್ನೂ ಕೈಗೆ ಬಂದಿಲ್ಲ, ಎರಡು ಬೆರಳಿಗೆ ಬ್ಯಾಂಡೇಜ್ ಇದೆ. ಆದರೂ ಪಟ್ಟಿ ಜಾಗ 5 ಮಿ.ಮೀ.ಗೆ ಇಳಿದಿದೆ. ಅಂಟಿಸಿ ಹೊಲಿದ ಮೇಲೆ ಜಾರುವುದೂ ಕಮ್ಮಿ, ಈಗ ಎರಡು ಅಕ್ಕಿಕಾಳಿನಷ್ಟು ಮಾತ್ರ.

ಆದರೆ ಮೂರು ಪದರದ ಹತ್ತಿರ ಹೊಲಿಗೆ ಹಾರುವುದು ನಿಂತಿಲ್ಲ. ಒಂದು ವಿಷಯ ಮೊದಲು ಹೇಳಿರಲಿಲ್ಲ. ಹೋದ ತಿಂಗಳು ಒಬ್ಬ ಮೆಕ್ಯಾನಿಕ್ ಬಂದು 22ರ ಸೂಜಿ ಹಾಕಿ "ಈಗ ನೋಡಿ" ಅಂತ ಓಡಿಸಿ ತೋರಿಸಿದ್ದರು. ಆಗ ಒಳಗೆ ಟಿಕ್ ಟಿಕ್ ಅನ್ನುತ್ತಿತ್ತು. ಸರಿ ಕಾಣಲಿಲ್ಲ ಅಂತ ಅವರು ಹೋದ ಮೇಲೆ 18 ವಾಪಸ್ ಹಾಕಿದೆ. ಟಿಕ್ ನಿಂತಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹರಿಹರದ ಎಣ್ಣೆಡಬ್ಬಿ:

ಇದೆ ಸರ್, ಅದೇ ಮೂಲ.

18ರ ಸೂಜಿ ಅಂದರೆ 1.10 ಮಿ.ಮೀ. ದಪ್ಪ. 22 ಅಂದರೆ 1.40. ಅಂದರೆ ಸೂಜಿಯ ಮೈ, ಕೆಳಗೆ ಸುತ್ತುತ್ತಾ ದಾರ ಹಿಡಿಯುವ ಹುಕ್ಕಿನ ಕಡೆಗೆ 0.15 ಮಿ.ಮೀ. ಹತ್ತಿರ ಬಂತು. ಸೂಜಿಗೂ ಹುಕ್ಕಿನ ಮೊನೆಗೂ ನಡುವೆ ಬಿಡುವ ಸಂದು 0.05ರಿಂದ 0.1 ಮಿ.ಮೀ. ಅಷ್ಟೇ. ಲೆಕ್ಕ ನೀವೇ ಹಾಕಿ. ಹುಕ್ಕು ಸರಿಸದೆ ದಪ್ಪ ಸೂಜಿ ಹಾಕಿದರೆ ಮೊನೆ ಪ್ರತಿ ಸುತ್ತಿಗೂ ಸೂಜಿಗೆ ಬಡಿಯುತ್ತದೆ. ಆ ಟಿಕ್ ಟಿಕ್ ಅದೇ. ನಮ್ಮಪ್ಪ ಇಲ್ಲಿ ಕಿರ್ಲೋಸ್ಕರ್ ಲೇತ್ ಫ್ಯಾಕ್ಟರಿಯಲ್ಲಿದ್ದರು. ಕೂದಲೆಳೆ ಅಂದರೆ ಸುಮ್ನೆ ಮಾತಲ್ಲ, ಅದೂ ಒಂದು ಅಳತೆ ಅನ್ನುತ್ತಿದ್ದರು.

ಮಿಷನ್ ತಲೆ ಹಿಂದಕ್ಕೆ ಮಲಗಿಸಿ, ಮೇನ್ ಸ್ವಿಚ್ ತೆಗೆದು, ಹುಕ್ಕಿನ ಮೊನೆಗೆ ಹೆಬ್ಬೆರಳಿನ ಉಗುರು ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಅಲ್ಲಿ ಮುರುಕು ಎದ್ದಿದೆ. ಸಣ್ಣದಿದ್ದರೆ ಝೀರೋ ಎಮರಿ ಕಾಗದದಲ್ಲಿ ಮೆಲ್ಲಗೆ ಉಜ್ಜಿ ನಯ ಮಾಡಿ. ಮೊನೆ ಮೊಂಡಾಗಿದ್ದರೆ ಹುಕ್ಕು ಬದಲಿಸಬೇಕು, ಉಜ್ಜಿ ಉಜ್ಜಿ ಗಿಡ್ಡ ಮಾಡಬೇಡಿ.

ಹೊಲಿಗೆ ಹಾರುವುದು ಹೇಗೆ ಅಂತ ಒಮ್ಮೆ ಕಣ್ಣಾರೆ ನೋಡಿ. ಸ್ಲೈಡ್ ಪ್ಲೇಟ್ ತೆಗೆದು ಚಕ್ರ ಕೈಯಲ್ಲಿ ತಿರುಗಿಸಿ. ಸೂಜಿ ಪೂರ್ತಿ ಕೆಳಗೆ ಹೋಗಿ ಸುಮಾರು 2 ಮಿ.ಮೀ. ಮೇಲೆದ್ದಾಗ ಅದರ ಹಿಂದೆ ದಾರ ಸ್ವಲ್ಪ ಉಬ್ಬಿ ಕುಣಿಕೆ ಆಗುತ್ತದೆ. ಆ ಹೊತ್ತಿಗೆ ಸರಿಯಾಗಿ ಹುಕ್ಕಿನ ಮೊನೆ ಸೂಜಿ ಕಣ್ಣಿಗಿಂತ ಸ್ವಲ್ಪ ಮೇಲೆ ಬಂದು ಕುಣಿಕೆ ಹಿಡಿಯಬೇಕು. ಆ ಕುಣಿಕೆ ಯಾಕೆ ಉಬ್ಬುತ್ತದೆ? ಸೂಜಿ ಏಳುತ್ತದೆ, ಚರ್ಮ ದಾರವನ್ನು ಹಿಡಿದು ನಿಂತಿರುತ್ತದೆ, ಅದಕ್ಕೆ. ಪಾದದ ಒತ್ತು ಸಾಲದಿದ್ದರೆ ದಪ್ಪ ಚರ್ಮ ಸೂಜಿಯ ಜೊತೆಗೇ ಮೇಲೇಳುತ್ತದೆ. ಕುಣಿಕೆ ಆಗುವುದೇ ಇಲ್ಲ, ಹುಕ್ಕು ಖಾಲಿ ಸುತ್ತುತ್ತದೆ. ಮೂರು ಪದರದ ಹತ್ತಿರ ಬಗ್ಗಿ ಪಕ್ಕದಿಂದ ನೋಡಿ, ಚರ್ಮ ಉಸಿರಾಡಿದ ಹಾಗೆ ಏರಿಳಿಯುತ್ತಿದ್ದರೆ ಪಾದದ ಮೇಲಿನ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿ. ಸೂಜಿಯ ಮೈಯಲ್ಲಿ ದಾರ ಕೂರುವ ಉದ್ದ ಕಾಲುವೆ ಎಡಕ್ಕಿದೆಯಾ, ಬುಡ ಪೂರ್ತಿ ಮೇಲಕ್ಕೆ ಕೂತಿದೆಯಾ ಅಂತಲೂ ನೋಡಿಕೊಳ್ಳಿ. ನಗಬೇಡಿ, ನಾನು ಹೋದ ಅರ್ಧ ಕಂಪ್ಲೇಂಟು ಅದೇ ಇರುತ್ತದೆ.

ಕಾಂಪೌಂಡ್ ತಗೊಳ್ಳುವಾಗ ಮೋಟರಿನ ಪ್ಲೇಟು ಓದಿ. ಫ್ಯಾಕ್ಟರಿಯಿಂದ ಬಂದ ಮಿಷನ್ನುಗಳಲ್ಲಿ ಹೆಚ್ಚಿನವು ತ್ರೀ ಫೇಸ್, 415 ವೋಲ್ಟ್. ನಿಮ್ಮ ಅಂಗಡಿಯಲ್ಲಿ ಸಿಂಗಲ್ ಫೇಸ್ ಇರಬೇಕು. ಹಾಗಿದ್ದರೆ ಮೋಟರ್ ಬಿಟ್ಟು ತಲೆ-ಮೇಜು ಮಾತ್ರ ರೇಟು ಮಾಡಿ, ಓಟವನ್ನು ಬೇಕಾದಷ್ಟು ಇಳಿಸಬಹುದಾದ ಸರ್ವೋ ಮೋಟರ್ ಹಾಕಿಸಿ. ಮೋಟರಿನ ಪುಲ್ಲಿ ಸಿಗುವುದರಲ್ಲೇ ಚಿಕ್ಕದಿರಲಿ. ಪುಲ್ಲಿ ಅರ್ಧವಾದರೆ ಓಟ ಅರ್ಧ, ಎಳೆಯುವ ಶಕ್ತಿ ಎರಡರಷ್ಟು. ಬೆಲ್ಟೂ ಬದಲಾಗುತ್ತದೆ, ಮರೆಯಬೇಡಿ.

ಸೀಟ್‌ಕವರ್ ದಾವಣಗೆರೆ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ಮುಗಿಸಿಯೇ ಬರೆಯೋಣ ಅಂತ.

ಹುಕ್ಕಿನ ಮೊನೆಗೆ ಉಗುರು ಎಳೆದೆ. ತಡೆಯಿತು. ಮಗಳ ಭೂತಗನ್ನಡಿ ಇಟ್ಟು ನೋಡಿದರೆ ಮೊನೆ ಒಂದು ಕಡೆ ಮಡಚಿದ ಹಾಗಿತ್ತು. ಎಮರಿಯಲ್ಲಿ ಉಜ್ಜಿದೆ, ಪಾದ ಬಿಗಿ ಮಾಡಿದೆ. ಹಾರುವುದು ಪೂರ್ತಿ ನಿಂತಿತು. ಆ ಮಿಷನ್ನಿನಲ್ಲೇ ಮೂರು ಬ್ಯಾಗ್ ಆದವು. ಮೂಲೆಯ ಹೊಲಿಗೆಯೆಲ್ಲ ಮೋಟರ್ ಆಫ್ ಮಾಡಿ ಚಕ್ರ ಕೈಯಲ್ಲಿ ತಿರುಗಿಸಿ ಹಾಕಿದ್ದು. ಒಂದೊಂದಕ್ಕೆ ಒಂದೊಂದು ದಿನ.

ನಾಲ್ಕನೆಯದರ ಹೊತ್ತಿಗೆ ತಾಳ್ಮೆ ಮುಗಿಯಿತು. ಹುಬ್ಬಳ್ಳಿಯಲ್ಲಿ ಸೋಫಾ ಮಾಡುವವರೊಬ್ಬರು ಎರಡು ಮಿಷನ್ ಮಾರುತ್ತಿದ್ದಾರೆ ಅಂತ ಗೊತ್ತಾಗಿ ಬೆಳಗಿನ ರೈಲಿಗೆ ಹೋದೆ. ಜೇಬಿನಲ್ಲಿ ನನ್ನದೇ ಚರ್ಮದ ತುಂಡು, ಎರಡು ಪದರ, ಮೂರು ಪದರ, ನಾಲ್ಕು ಪದರ ಅಂಟಿಸಿದ್ದು. ಮೊದಲ ಮಿಷನ್ ಹೊಳೆಯುತ್ತಿತ್ತು, ಹೊಸ ಬಣ್ಣ. ಚಕ್ರ ತಿರುಗಿಸಿದೆ. ಸೂಜಿ ನೆಟ್ಟಗೆ ಇಳಿದು ನೆಟ್ಟಗೆ ಎದ್ದಿತು. ದುರ್ಗದ ತಮ್ಮ, ಅವತ್ತು ನಿನ್ನ ನೆನೆದುಕೊಂಡೆ. ಎರಡನೆಯದು ಬಣ್ಣ ಹೋಗಿ, ಮೇಜಿನ ಮೂಲೆ ಮುರಿದು, ನೋಡಲು ಪಾಪದ್ದು. ಆದರೆ ಸೂಜಿ ಚರ್ಮ ಹಿಡಿದುಕೊಂಡೇ ಹಿಂದಕ್ಕೆ ಹೋಯಿತು. ನಾಲ್ಕು ಪದರದ ತುಂಡನ್ನು ಚಕ್ರದಲ್ಲೇ ಹೊಲಿದು ನೋಡಿದೆ, ಒಂದೂ ಹಾರಲಿಲ್ಲ. ಮೋಟರ್ ತ್ರೀ ಫೇಸೇ ಇತ್ತು. ಅದನ್ನು ಅಲ್ಲೇ ಬಿಟ್ಟು ಬಂದೆ. ಸರ್ವೋ, ಪುಲ್ಲಿ, ಲಗೇಜ್ ಎಲ್ಲ ಸೇರಿ ಅರವತ್ತರ ಒಳಗೇ ಆಯಿತು. ಎಣ್ಣೆಡಬ್ಬಿಯವರು ಹರಿಹರದಿಂದ ಭಾನುವಾರ ಬಂದು ಕೂರಿಸಿಕೊಟ್ಟರು. ಕೂಲಿ ಕೊಡಲು ಹೋದರೆ ಬೆಣ್ಣೆ ದೋಸೆ ಸಾಕು ಅಂದರು. ನಾಲ್ಕು ತಿಂದರು, ಅದು ಬೇರೆ ವಿಷಯ.

ಸರ್ವೋದಲ್ಲಿ ಓಟ ಕಡಿಮೆ ಇಟ್ಟು ಕಾಲು ಮೆಲ್ಲಗೆ ಒತ್ತಿದರೆ ಒಂದೊಂದೇ ಹೊಲಿಗೆ, ಎಣಿಸಬಹುದು. 22ರ ಸೂಜಿ, 20ರ ದಾರ, ವಕೀಲರಿಗೆ ಬೇಕಿದ್ದ ದಪ್ಪ ಹೊಲಿಗೆ. ಹದಿನಾಲ್ಕು ಇಂಚಿನ ಬದಿ ಮುಗಿದಾಗ ಎರಡೂ ಅಂಚು ಸಮ. ನಾನು ಎರಡು ಸಲ ತಿರುಗಿಸಿ ನೋಡಿದೆ. ಉಳಿದ ಎಂಟು ಬ್ಯಾಗ್ ಐದು ದಿನದಲ್ಲಿ ಆದವು. ಹಾಳಾದ ಮೊದಲನೆಯದಕ್ಕೆ ಬದಲಿಗೆ ಮತ್ತೆ ಚರ್ಮ ತರಿಸಿದ್ದೇನೆ, ವಕೀಲರ ಸ್ವಂತದ್ದು ಅದೇ, ಕೊನೆಗೆ ಉಳಿದಿದೆ.

ಬ್ಯಾಗಮ್ಮ ಅಕ್ಕ, ಒಂದು ಕೇಳುವುದಿತ್ತು. ಹಲ್ಲಿನ ಗುರುತು ಚರ್ಮದ ಕೆಳಬದಿಗೆ ಸಾಲಾಗಿ ಬೀಳುತ್ತಿದೆ. ಏನು ಮಾಡಲಿ?

ಬ್ಯಾಗಮ್ಮ:

ಚೂಪು ಹಲ್ಲು ತೆಗೆದು ನಯ ಹಲ್ಲು ಹಾಕಿಸಿ, ಸಿಗುತ್ತದೆ. ಪಾದದ ಒತ್ತು ಎಷ್ಟು ಸಾಕೋ ಅಷ್ಟೇ ಇಡಿ. ಈಗ ಬಿದ್ದಿರುವುದಕ್ಕೆ ಚರ್ಮದ ಮೇಲೆ ಒದ್ದೆ ಬಟ್ಟೆ ಒರೆಸಿ, ಚಮಚದ ಬೆನ್ನಿನಿಂದ ಉಜ್ಜಿ. ಮೊದಲು ತುಂಡಿನ ಮೇಲೆ ನೋಡಿ, ಬಣ್ಣ ಬಿಟ್ಟೀತು. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮವಾದರೆ ಇದು ಚೆನ್ನಾಗಿ ಕೇಳುತ್ತದೆ. ಎಣ್ಣೆ ಕುಡಿದ ಚರ್ಮ ಅಷ್ಟಾಗಿ ಕೇಳುವುದಿಲ್ಲ. ಹಳೇ ಮಿಷನ್ ಮಾರುತ್ತೀರಾ? ನನ್ನ ಹುಡುಗಿಯೊಬ್ಬಳಿಗೆ ಬೇಕಿತ್ತು.

ಸೀಟ್‌ಕವರ್ ದಾವಣಗೆರೆ:

ಇಲ್ಲ ಅಕ್ಕ, ರೆಕ್ಸಿನ್‌ಗೆ ಅದೇ ಓಡುತ್ತಿದೆ. 18ರ ಸೂಜಿ, 40ರ ದಾರ. ಎರಡು ನಂಬರನ್ನೂ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.